ಕರುಳಿನ ಕಾವಲು

ಕಾಪುವಿನ ಕಡಲ ಕರೆಯಿಂದ ಕಾರ್ಕಳದ ಗುಡ್ಡದವರೆಗೆ ನಾವೆಲ್ಲ ಕುಚ್ಚಲಕ್ಕಿ ಗಂಜಿ, ಮೀನು ಸಾರು ಉಂಡು ಬೆಳೆದವರು. ತುತ್ತಿನ ಜೊತೆ ರೋಗಾಣುಗಳೂ ಹೊಟ್ಟೆಗೆ ಇಳಿಯುತ್ತವೆ. ಅನ್ನವನ್ನು ಒಳಗೆ ಬಿಟ್ಟು ರೋಗಾಣುವನ್ನು ತಡೆಯುವವರು ಯಾರು?

ಕರುಳಿನ ಒಳಪದರ. ಅಲ್ಲಿರುವುದು ಒಂದೇ ಸಾಲು ಜೀವಕೋಶ, ಕೂದಲೆಳೆಗಿಂತಲೂ ತೆಳು. ನಾಲ್ಕೈದು ದಿನಗಳಿಗೊಮ್ಮೆ ಹಳೆಯ ಕೋಶಗಳು ಉದುರಿ ಹೊಸವು ಬರುತ್ತವೆ. ಅದರ ಮೇಲೆ ಲೋಳೆಯ ಹೊದಿಕೆ, ಕೆಳಗೆ ಕಾವಲು ಪಡೆ. ಸಣ್ಣ ಕರುಳಿನ 'ಪೇಯರ್ ತೇಪೆ'ಗಳು ಈ ಪಡೆಯ ಠಾಣೆಗಳು. ಅಪಾಯಕಾರಿ ರೋಗಾಣುವಿನ ಗುರುತು ಅಲ್ಲಿ ಸಿಕ್ಕಿದರೆ ಐಜಿಎ ಎಂಬ ಪ್ರತಿಕಾಯ ತಯಾರಾಗಿ ಲೋಳೆಗೆ ಸೇರುತ್ತದೆ. ರೋಗಾಣುವನ್ನು ಗೋಡೆ ಮುಟ್ಟುವ ಮೊದಲೇ ಹಿಡಿಯುತ್ತದೆ. ಅನ್ನದ ಮೇಲೆ ಮಾತ್ರ ಈ ಪಡೆ ಸಾಮಾನ್ಯವಾಗಿ ಕೈ ಎತ್ತುವುದಿಲ್ಲ.

1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದ ಮೇಲೆ ನಮ್ಮ ಮನೆಗಳಲ್ಲಿ ಹಿರಿಯರು ಕೇಳುತ್ತಿದ್ದರು: "ಮೊನ್ನೆ ಹಾಕಿದ್ದಲ್ವಾ, ಪುನಃ ಎಂತಕ್ಕೆ?" ಅನುಮಾನದ ಮಾತುಗಳೂ ಹರಿದಾಡಿದವು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ, ಉಡುಪಿಯಲ್ಲಿ ಓದಿದವರಿಗೆ ಬರವಿಲ್ಲ. ಆದರೆ ಅಜ್ಜಿಯ ಪ್ರಶ್ನೆಗೆ ಉತ್ತರಿಸಬೇಕಾದವರು ಮನೆಯೊಳಗಿನ ನಾವೇ.

ಉತ್ತರ ಕರುಳಿನಲ್ಲಿದೆ. ಪೋಲಿಯೊ ವೈರಸ್ ಬಾಯಿಯಿಂದ ಹೊಕ್ಕು ಕರುಳಿನಲ್ಲೇ ಬೆಳೆಯುತ್ತದೆ. ಚುಚ್ಚುಮದ್ದು ರಕ್ತದಲ್ಲಿ ಕಾವಲು ಹಾಕಿ ಮಗುವನ್ನು ಪಾರ್ಶ್ವವಾಯುವಿನಿಂದ ಕಾಪಾಡುತ್ತದೆ. ಆದರೆ ಕರುಳಿನ ಕಾವಲನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಅಂಥ ಮಗು ಆರೋಗ್ಯವಾಗಿದ್ದರೂ ಅದರ ಮಲದ ಮೂಲಕ ವೈರಸ್ ಇನ್ನೊಂದು ಮಗುವನ್ನು ತಲುಪಬಹುದು. ಬಾಯಿಗೆ ಹಾಕುವ ಹನಿ ಕರುಳಿನ ಪಡೆಯನ್ನೇ ಎಬ್ಬಿಸುತ್ತದೆ. ಕರುಳಿನಲ್ಲಿ ಆಗಲೇ ಬೇರೆ ಸೋಂಕುಗಳಿದ್ದರೆ ಒಂದು ಹನಿ ಹಿಡಿಯದೆ ಹೋಗಬಹುದು. ಅದಕ್ಕೇ ಮತ್ತೆ ಮತ್ತೆ.

ದೇಶದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಇಂದು ಹನಿ, ಚುಚ್ಚುಮದ್ದು ಎರಡೂ ಕೊಡುತ್ತಾರೆ.

ಕೆಲವು ಮನೆಗಳಲ್ಲಿ ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು 'ಕೆಟ್ಟದ್ದು' ಎಂದು ಹಿಂಡಿ ಚೆಲ್ಲುವುದಿತ್ತು. ಅದರಲ್ಲಿ ತುಂಬಿರುವುದೂ ಇದೇ ಐಜಿಎ. ಮಗುವಿನ ಕರುಳು ತನ್ನ ಪಡೆಯನ್ನು ಕಟ್ಟಿಕೊಳ್ಳುವವರೆಗೆ ತಾಯಿ ಕಳಿಸುವ ಕಾವಲು ಅದು.

ನಮ್ಮ ಮಗುವಿನ ಬಾಯಿಗೆ ಬಿದ್ದ ಎರಡು ಹನಿ ನೆರೆಮನೆಯ ಮಗುವನ್ನೂ ಕಾಯುತ್ತದೆ. ಆ ಮನೆಯವರು ಯಾರೆಂದು ವೈರಸ್ ಕೇಳುವುದಿಲ್ಲ. ನಾವೂ ಕೇಳಬೇಕಿಲ್ಲ.