ಎಸ್.ಪಿ. ರಸ್ತೆಯಲ್ಲಿ ಮೀಟರಿಗೆ ನೆನಪು ಮರಳಿದ್ದು

ಬೆಂಗಳೂರಿನ ಹಳೆಯ ಪೇಟೆಗಳಿಗೆ ಹೆಸರಿಟ್ಟವರು ಜಾಣರು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂದರೆ ಅಲ್ಲಿ ಏನು ಸಿಗುತ್ತಿತ್ತು, ಯಾರಿದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಈ ಪೇಟೆಯ ಒಡಲಲ್ಲೇ ಐಸಿ, ರೆಸಿಸ್ಟರ್, ಟ್ರಾನ್ಸ್‌ಫಾರ್ಮರ್ ಮಾರುವ ಬೀದಿಯೊಂದಿದೆ. ಅದಕ್ಕೆ ಮಾತ್ರ ಅಂಥ ಹೆಸರಿಲ್ಲ. ದಾಖಲೆಯಲ್ಲಿ ಅದು ಸಾದರ್ ಪತ್ರಪ್ಪ ರಸ್ತೆ, ಎಂಜಿನಿಯರಿಂಗ್ ಹುಡುಗರ ಬಾಯಲ್ಲಿ ಎಸ್.ಪಿ. ರೋಡ್. ಪ್ರಾಜೆಕ್ಟು ಮುಗಿಸಬೇಕಾದ ವಿದ್ಯಾರ್ಥಿ ಒಮ್ಮೆಯಾದರೂ ಈ ರಸ್ತೆ ತುಳಿಯದೆ ಪಾಸಾಗುವುದಿಲ್ಲ ಎಂಬ ಮಾತೇ ಇದೆ.

2024ರ ಆಗಸ್ಟ್‌ನಲ್ಲಿ ನಾನೂ ಆ ರಸ್ತೆ ತುಳಿದೆ. ನಾನು ಓದುವ ಹುಡುಗನಲ್ಲ, ಓದುವ ಹುಡುಗಿಯ ತಂದೆ. ಮಗಳು ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಳು. ಅವಳ ಪ್ರಯೋಗಾಲಯದಲ್ಲಿ ಒಂದು ಬೆಂಚ್ ಮಲ್ಟಿಮೀಟರ್ ಇತ್ತು. 1980ರ ದಶಕದ ಕೊನೆಯದು, ಐದೂವರೆ ಅಂಕಿಯದು. ಸ್ವಿಚ್ ಹಾಕಿದರೆ ಪರದೆಯ ಗೆರೆಗಳೆಲ್ಲ ಒಮ್ಮೆ ಹೊತ್ತಿ, ಮೆಮೊರಿ ದೋಷದ ಒಂದು ಸಂದೇಶ ತೋರಿಸಿ, ಅಲ್ಲಿಗೇ ನಿಂತುಬಿಡುತ್ತಿತ್ತು. ತಿಂಗಳ ಕೊನೆಗೆ ಗುಜರಿ ಹರಾಜು. ಪಟ್ಟಿಯಲ್ಲಿ ಅದರ ಹೆಸರೂ ಸೇರಿತ್ತು. ಮಗಳ ಪ್ರಾಜೆಕ್ಟಿಗೋ ತಾಮ್ರದ ಸುರುಳಿಗಳ ಅತಿ ಸಣ್ಣ ರೋಧ ಅಳೆಯಬೇಕಾಗಿತ್ತು. ಕೈಯಲ್ಲಿ ಹಿಡಿಯುವ ಮೀಟರು ಅದಕ್ಕೆ ಸಾಲದು. ಉಪನ್ಯಾಸಕರು, ‘ಹರಾಜಿನೊಳಗೆ ರಿಪೇರಿ ಮಾಡಿಸಿದರೆ ಉಳಿಸಿಕೊಳ್ಳೋಣ’ ಎಂದು ಚೀಟಿ ಬರೆದುಕೊಟ್ಟರು.

ಮೀಟರನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಚೀಲಕ್ಕೆ ತುಂಬಿ, ಸರ್ಕಾರಿ ಬಸ್ಸು ಹತ್ತಿದೆವು. ಮಗಳದು ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ದುಡ್ಡು ಕೊಟ್ಟವನು ನಾನು, ತೊಡೆಯ ಮೇಲೆ ಭಾರ ಹೊತ್ತವನೂ ನಾನೇ. ಮೆಜೆಸ್ಟಿಕ್‌ನಿಂದ ಒಂದೇ ನಿಲ್ದಾಣ, ಚಿಕ್ಕಪೇಟೆಯಲ್ಲಿ ಮೆಟ್ರೊ ಇಳಿದು ಅವೆನ್ಯೂ ರಸ್ತೆ ದಾಟಿದರೆ ನಗರ್ತಪೇಟೆಯ ಗಲ್ಲಿಗಳು. ಕರಗ ಹೊರಡುವ ಧರ್ಮರಾಯ ಸ್ವಾಮಿ ದೇವಸ್ಥಾನ ಈ ಭಾಗದಲ್ಲೇ ಇದೆ. ಚಿನ್ನದ ಕೆಲಸ ಮಾಡುವವರ ಪುಟ್ಟ ಪುಟ್ಟ ಅಂಗಡಿಗಳೂ ಇಲ್ಲೇ. ಒಂದು ಅಂಗಡಿಯಲ್ಲಿ ಗಾಜಿನ ಗೂಡಿನೊಳಗಿನ ತಕ್ಕಡಿ ಕಂಡಾಗ ಮಗಳು ಹೇಳಿದಳು: ‘ಅಪ್ಪಾ, ಮಾಮೂಲಿ ಮೀಟರು ತರಕಾರಿ ತಕ್ಕಡಿ ಇದ್ದಹಾಗೆ. ನಾವು ತಂದಿರೋದು ಇದು.’ ಮಾಮೂಲಿ ಮೀಟರು 1999ರವರೆಗೆ ಎಣಿಸಿದರೆ, ಐದೂವರೆ ಅಂಕಿಯದು ಲಕ್ಷ ದಾಟಿ ಎಣಿಸುತ್ತದಂತೆ. ಚೀಲದ ಭಾರ ಆಮೇಲೆ ಸ್ವಲ್ಪ ಕಡಿಮೆ ಅನ್ನಿಸಿತು.

ಎಸ್.ಪಿ. ರಸ್ತೆಯಲ್ಲಿ ಈಗ ಕಂಪ್ಯೂಟರ್, ಕ್ಯಾಮೆರಾ ಅಂಗಡಿಗಳದ್ದೇ ದರ್ಬಾರು. ಕೈಗಾಡಿ, ಸ್ಕೂಟರು, ತಲೆಯ ಮೇಲೆ ಪೆಟ್ಟಿಗೆ ಹೊತ್ತವರು, ಎಲ್ಲರೂ ಒಟ್ಟಿಗೆ ‘ಸೈಡ್, ಸೈಡ್’ ಎನ್ನುತ್ತಿರುತ್ತಾರೆ. ಕನ್ನಡ, ಉರ್ದು, ತಮಿಳು, ಮಾರವಾಡಿ, ಎಲ್ಲ ಬೆರೆತ ಭಾಷೆ. ಕೆಳಗಿನ ಮೊದಲ ಅಂಗಡಿಯ ಹುಡುಗ ಮೀಟರಿನ ಮುಚ್ಚಳ ತೆಗೆದವನೇ, ‘ಬ್ಯಾಟರಿ ಹಳೇದು ಸಾರ್. ಕಿತ್ತು ಹೊಸದು ಹಾಕ್ತೀನಿ, ಐದು ನಿಮಿಷ’ ಎಂದು ಕಟರ್ ಕೈಗೆತ್ತಿಕೊಂಡ. ನಾನು ಹೂಂ ಎನ್ನುವುದರಲ್ಲಿದ್ದೆ. ಮಗಳು, ‘ಬೇಡ ಅಣ್ಣಾ, ಅದನ್ನ ತೆಗೀಬಾರದು ಅಂತ ಮ್ಯಾನ್ಯುಯಲ್‌ನಲ್ಲಿ ಏನೋ ಇತ್ತು’ ಎಂದು ಅಡ್ಡ ಕೈ ಹಾಕಿದಳು. ಹುಡುಗ ಬೇಸರಿಸಿಕೊಳ್ಳಲಿಲ್ಲ. ‘ಹಾಗಾದ್ರೆ ಮೇಲೆ ಹೋಗಿ, ಹಳೇ ಸಾಮಾನು ಮೇಲಿನವರು ನೋಡ್ತಾರೆ’ ಎಂದ.

ಮೇಲೆ ಎಂದರೆ ಒಬ್ಬರೇ ಹತ್ತಬಲ್ಲ ಕಿರಿದಾದ ಮೆಟ್ಟಿಲು, ಎಂಟಡಿ ಕೋಣೆ, ಗೋಡೆಯುದ್ದಕ್ಕೂ ಬಿಚ್ಚಿಟ್ಟ ಯಂತ್ರಗಳು. ಅರವತ್ತು ದಾಟಿದ ಸಾಹೇಬರೊಬ್ಬರು ಕನ್ನಡಕ ಹಣೆಗೇರಿಸಿ ಕೂತಿದ್ದರು. ಮೀಟರಿನ ಒಳಗೆ ಒಮ್ಮೆ ಇಣುಕಿ, ‘ಇದರ ಮುಚ್ಚಳ ತುಂಬಾ ದಿನ ತೆಗೆದಿಟ್ಟಿದ್ರಾ ತಾಯೀ?’ ಎಂದು ಕೇಳಿದರು. ಹೌದು, ಒಳಭಾಗ ಮಕ್ಕಳಿಗೆ ಕಾಣಲೆಂದು ವರ್ಷಗಟ್ಟಲೆ ಕಿಟಕಿಯ ಪಕ್ಕ ಹಾಗೇ ಇಟ್ಟಿದ್ದರಂತೆ. ಸಾಹೇಬರು ಒಂದು ಐಸಿಯ ಬೆನ್ನು ತೋರಿಸಿದರು. ಅದರ ನಡುವೆ ಪುಟ್ಟ ಗಾಜಿನ ಕಿಟಕಿ. ಅದರ ಮೇಲಿರಬೇಕಾದ ಚೀಟಿ ಉದುರಿಹೋಗಿತ್ತು.

ಇಲ್ಲಿ ಸ್ವಲ್ಪ ಪಾಠ. ಮೀಟರಿನ ಒಳಗೊಂದು ಸಣ್ಣ ಕಂಪ್ಯೂಟರು ಇರುತ್ತದೆ. ಅದು ಏನು ಮಾಡಬೇಕೆಂದು ಬರೆದಿಟ್ಟ ಆದೇಶಗಳೇ ಫರ್ಮ್‌ವೇರ್. ಆ ಕಾಲದ ಯಂತ್ರಗಳಲ್ಲಿ ಅದನ್ನು ಇಟ್ಟಿದ್ದು ಇಪ್ರಾಮ್ ಎಂಬ ಐಸಿಯಲ್ಲಿ. ಇಂಟೆಲ್ ಕಂಪನಿಯ ಡೋವ್ ಫ್ರೊಹ್‌ಮನ್ 1971ರಲ್ಲಿ ಲೋಕಕ್ಕೆ ತೋರಿಸಿದ ಜಾಣ್ಮೆ ಅದು. ಸುತ್ತಲೂ ವಿದ್ಯುತ್ ಹರಿಯದ ಗೋಡೆ ಕಟ್ಟಿದ ಪುಟ್ಟ ಕೋಶದಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿದರೆ ಸೊನ್ನೆ, ಖಾಲಿ ಬಿಟ್ಟರೆ ಒಂದು. ಅಳಿಸಬೇಕೆಂದರೆ ಆ ಕ್ವಾರ್ಟ್ಸ್ ಕಿಟಕಿಯ ಮೂಲಕ ಅತಿನೇರಳೆ ಬೆಳಕು ಹಾಯಿಸಬೇಕು. ಅದಕ್ಕೆಂದೇ ದೀಪವಿದೆ, ಇಪ್ಪತ್ತು ನಿಮಿಷದ ಕೆಲಸ. ಆದರೆ ಬಿಸಿಲಿಗೂ ಆ ಶಕ್ತಿ ಇದೆ. ನೇರ ಬಿಸಿಲಿಗೆ ಸುಮಾರು ಒಂದು ವಾರ, ಟ್ಯೂಬ್‌ಲೈಟಿನ ಬೆಳಕಿಗೆ ಸುಮಾರು 3 ವರ್ಷ ಒಡ್ಡಿದರೆ ಬರಹ ಅಳಿಸಬಹುದೆಂದು ತಯಾರಕರೇ ಎಚ್ಚರಿಸಿದ್ದರು. ನಮ್ಮ ಮೀಟರಿನ ಐಸಿಯಲ್ಲಿ 32,768 ಬೈಟುಗಳು. ಸ್ವಿಚ್ ಹಾಕಿದೊಡನೆ ಮೀಟರು ಅವನ್ನೆಲ್ಲ ಕೂಡಿ, ಬರೆದಿಟ್ಟ ಮೊತ್ತದೊಡನೆ ತಾಳೆ ನೋಡುತ್ತದೆ, ದಿನಸಿ ಅಂಗಡಿಯ ಬಿಲ್ಲನ್ನು ನಾವು ಮತ್ತೊಮ್ಮೆ ಕೂಡಿನೋಡುವ ಹಾಗೆ. ಒಂದೇ ಕೋಶ ಸೋರಿದ್ದರೂ ಲೆಕ್ಕ ತಪ್ಪು.

ಸಾಹೇಬರು ಐಸಿಯನ್ನು ಸಾಕೆಟ್ಟಿನಿಂದ ಮೆಲ್ಲಗೆ ಎಬ್ಬಿಸಿ, ಓದುವ ಯಂತ್ರದಲ್ಲಿ ಕೂರಿಸಿ, ಮೂರು ಸಲ ಓದಿಸಿದರು. ಮೂರು ಸಲವೂ ಬೇರೆ ಬೇರೆ ಮೊತ್ತ. ಮಗಳ ಮುಖ ಸಪ್ಪೆಯಾಯಿತು. ಸಾಹೇಬರ ಮುಖ ಅರಳಿತು! ‘ಪೂರ್ತಿ ಸತ್ತಿದ್ರೆ ಪ್ರತಿಸಲ ಒಂದೇ ತಪ್ಪು ಹೇಳ್ತಿತ್ತು. ಇದು ತಡವರಿಸ್ತಾ ಇದೆ. ಅಂದ್ರೆ ನೆನಪು ಇನ್ನೂ ಇದೆ.’

ಆಮೇಲೆ ಮಾಡಿದ್ದು ನೋಡಿ. ಐಸಿಗೆ ಕೊಡುವ 5 ವೋಲ್ಟನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರು. ವೋಲ್ಟೇಜ್ ಹೆಚ್ಚಿದ್ದರೆ ಅರ್ಧ ಸೋರಿದ ಕೋಶ ಖಾಲಿ ಎಂದು ಕಾಣುತ್ತದೆ; ಇಳಿಸಿದರೆ ಉಳಿದ ಅಷ್ಟು ಎಲೆಕ್ಟ್ರಾನುಗಳೇ ಸಾಕಾಗಿ ಸೊನ್ನೆ ಎಂದೇ ಓದಿಸುತ್ತದೆ. 4.3 ವೋಲ್ಟಿಗೆ ಬಂದಾಗ ಮೂರು ಓದಿಗೂ ಒಂದೇ ಮೊತ್ತ. ಅದನ್ನು ಇನ್ನೊಂದು ಐಸಿಗೆ ಬರೆದು ಮೀಟರಿಗೆ ಹಾಕಿದರು. ಸ್ವಿಚ್ ಒತ್ತಿದ್ದು ಮಗಳು. ಗೆರೆಗಳೆಲ್ಲ ಹೊತ್ತಿದವು, ಆರಿದವು, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಸೊನ್ನೆಗಳ ಸಾಲು. ನಾನು ಕಾಫಿಗೆ ಹೇಳಲು ಎದ್ದೆ.

‘ಕೂತ್ಕೊಳ್ಳಿ ಸಾರ್, ಅರ್ಧ ಕೆಲಸ ಆಯ್ತು’ ಎಂದರು ಸಾಹೇಬರು. ಉಳಿದರ್ಧ ಆ ಬ್ಯಾಟರಿಯದು. 3 ವೋಲ್ಟಿನ ಲಿಥಿಯಂ ಬ್ಯಾಟರಿ 2.6ಕ್ಕೆ ಇಳಿದಿತ್ತು. ಅದು ಕಾಪಾಡುತ್ತಿದ್ದುದು ಇನ್ನೊಂದು ಐಸಿಯಲ್ಲಿದ್ದ ಕ್ಯಾಲಿಬ್ರೇಷನ್ ಅಂಕಿಗಳನ್ನು. ಒಂದೇ ದಿನ ತಯಾರಾದ ಎರಡು ಮೀಟರುಗಳಲ್ಲೂ ಬಿಡಿಭಾಗಗಳು ಕೂದಲೆಳೆಯಷ್ಟು ಬೇರೆ ಇರುತ್ತವೆ. ಆ ವ್ಯತ್ಯಾಸ ಸರಿದೂಗಿಸಲು ಪ್ರತಿ ಮೀಟರಿಗೂ ಅದರದೇ ತಿದ್ದುಪಡಿ ಬರೆದಿರುತ್ತಾರೆ. ‘ಪ್ರೋಗ್ರಾಮು ಇಲ್ಲಿ ಸಿಗದಿದ್ರೆ ಇಂಥದ್ದೇ ಇನ್ನೊಂದು ಮೀಟರಿಂದ ತರಬಹುದು ತಾಯೀ. ಇದು ಎಲ್ಲೂ ಸಿಗಲ್ಲ. ಇದು ಇದೊಂದರ ಗುಣ’ ಎಂದರು. ಕೆಳಗಿನ ಹುಡುಗ ಕಟರ್ ಹಾಕಿದ್ದರೆ ಆ ಅಂಕಿಗಳು ಆ ಕ್ಷಣವೇ ಹೋಗಿರುತ್ತಿದ್ದವು. ಹೂಂ ಎನ್ನಲು ಹೊರಟಿದ್ದ ನಾನು ಮಗಳ ಮುಖ ನೋಡಲಿಲ್ಲ.

ಹಾಗಾಗಿ ಮೀಟರಿಗೆ ಕರೆಂಟು ಕೊಟ್ಟೇ ಬ್ಯಾಟರಿ ಬದಲಿಸಬೇಕು. ಆಗ ನೆನಪಿಗೆ ಬೇಕಾದ ವಿದ್ಯುತ್ ಮೇನ್ಸ್‌ನಿಂದ ಸಿಗುತ್ತದೆ. ಇದು ಮನೆಯಲ್ಲಿ ಮಕ್ಕಳು ಮಾಡುವ ಕೆಲಸವಲ್ಲ. ಒಳಗೆ 230 ವೋಲ್ಟ್ ಇರುತ್ತದೆ. ಸಾಹೇಬರು ಆ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಕಾದ ಸೋಲ್ಡರಿಂಗ್ ಐರನ್ನಿನ ಪ್ಲಗ್ಗು ಕಿತ್ತು, ಅದು ಆರುವುದರೊಳಗೆ ಬೆಸುಗೆ ಬಿಡಿಸಿದರು. ಮತ್ತೆ ಕಾಯಿಸಿ, ಮತ್ತೆ ಪ್ಲಗ್ಗು ಕಿತ್ತು, ಹೊಸದನ್ನು ಕೂರಿಸಿದರು. ಐದು ನಿಮಿಷವಲ್ಲ, ಮುಕ್ಕಾಲು ಗಂಟೆ ಹಿಡಿಯಿತು.

ಕೊನೆಗೆ ಡ್ರಾಯರಿನಿಂದ 10 ಕಿಲೋ ಓಮ್‌ನ ಒಂದು ಉತ್ತಮ ರೆಸಿಸ್ಟರ್ ತೆಗೆದು ಜೋಡಿಸಿದರು. ಪರದೆಯ ಮೇಲೆ 10.0007. ಕೊನೆಯ ಅಂಕಿ ಮಾತ್ರ ಏಳಕ್ಕೂ ಎಂಟಕ್ಕೂ ನಡುವೆ ತೂಗುತ್ತಿತ್ತು. ‘ಸುಳ್ಳು ಹೇಳ್ತಿಲ್ಲ ಅನ್ಸುತ್ತೆ’ ಎಂದರು ಸಾಹೇಬರು. ‘ಆದರೆ ನನಗೆ ಅನ್ಸೋದು ಬೇರೆ, ಕಾಗದ ಬೇರೆ.’ ಮೀಟರಿನ ಬೆನ್ನಿನ ಮೇಲೆ ಕೊನೆಯ ಕ್ಯಾಲಿಬ್ರೇಷನ್ ಚೀಟಿ 2006ರದು. ಹದಿನೆಂಟು ವರ್ಷದಲ್ಲಿ ಬಿಡಿಭಾಗಗಳು ಎಷ್ಟು ಸರಿದಿವೆಯೋ, ಅದನ್ನು ಹೇಳಬೇಕಾದವರು ಪ್ರಮಾಣೀಕೃತ ಪ್ರಯೋಗಾಲಯದವರು. ಪೀಣ್ಯದಲ್ಲಿ ಕೇಂದ್ರ ಸರ್ಕಾರದ್ದೇ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರವಿದೆ. ದೇಶದ ವೋಲ್ಟು, ಓಮ್‌ಗಳ ಮೂಲ ಅಳತೆ ಇರುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಪ್ರಮಾಣಪತ್ರವೆಂದರೆ ಅಲ್ಲಿಂದ ಈ ಮೇಜಿನವರೆಗಿನ ಸರಪಳಿ.

ಒಟ್ಟು 600 ರೂಪಾಯಿ ತೆಗೆದುಕೊಂಡರು. ಹೊಸ ಐಸಿಯ ಕಿಟಕಿಗೆ ಬೆಳಕು ಹಾಯದ ಚೀಟಿ ಅಂಟಿಸುವ ಕೆಲಸ ಮಗಳಿಗೇ ಬಿಟ್ಟರು. ‘ತಾರೀಖು ಬರಿ ತಾಯೀ. ಮುಂದೆ ಬಿಚ್ಚೋನಿಗೆ ಬೇಕಾಗುತ್ತೆ.’

ಹರಾಜಿನ ಪಟ್ಟಿಯಿಂದ ಮೀಟರಿನ ಹೆಸರು ತೆಗೆದರು. ಕ್ಯಾಲಿಬ್ರೇಷನ್ ಖರ್ಚಿಗೆ ಬರೆದ ಪತ್ರ ಪ್ರಾಂಶುಪಾಲರ ಮೇಜಿನ ಮೇಲಿದೆ ಎಂದು ಉಪನ್ಯಾಸಕರು ಹೇಳಿದರು. ಅಲ್ಲಿಯವರೆಗೆ ಮೀಟರಿನ ಮುಂಭಾಗಕ್ಕೆ ಮಗಳು ಇನ್ನೊಂದು ಚೀಟಿ ಅಂಟಿಸಿದಳು: ‘ಕೆಲಸ ಮಾಡುತ್ತದೆ. ಕ್ಯಾಲಿಬ್ರೇಷನ್ ಆಗಿಲ್ಲ.’ ಪ್ರಾಜೆಕ್ಟು ವರದಿಯಲ್ಲೂ ಅಳತೆಗಳ ಕೆಳಗೆ ಅದೇ ಸಾಲು ಬರೆದಳು. ಅಂಕ ಕಳೆಯುತ್ತಾರೇನೋ ಎಂದು ನಾನು ಅಂದೆ. ಅವಳು ಅಳಿಸಲಿಲ್ಲ.