ಶುದ್ಧಪಾಠ

ಅಪ್‌ಡೇಟ್ ಆಗಲೊಲ್ಲದ ಕಂಪ್ಯೂಟರೊಂದನ್ನು ಮುಂದಿಟ್ಟುಕೊಂಡು, ಕಪ್ಪು ಪರದೆಯ ಮೇಲೆ ನಿಧಾನವಾಗಿ ಏರುತ್ತಿರುವ ಅಂಕಿಗಳನ್ನು ನೋಡುತ್ತ ಕುಳಿತವನನ್ನು ಕಂಡರೆ ಲೋಕಕ್ಕೆ ಕನಿಕರವುಂಟಾಗುವುದು ಸಹಜ. ‘ಪಾಪ, ರಜೆಯ ದಿನವೂ ಬಿಡುವಿಲ್ಲ’ ಎಂದು ಮನೆಗೆ ಬಂದವರು ಮರುಗುತ್ತಾರೆ. ‘ಇನ್ನೂ ಅದೇ ಹಾಳು ಪೆಟ್ಟಿಗೆಯ ಮುಂದೆಯೇ?’ ಎಂದು ಮನೆಯವರು ಗದರುತ್ತಾರೆ. ಆ ಕನಿಕರವನ್ನೂ ಈ ಗದರಿಕೆಯನ್ನೂ ನಾನು ಸಮಾನವಾದ ವಿನಯದಿಂದ ಸ್ವೀಕರಿಸುತ್ತೇನೆಯೇ ಹೊರತು, ಆ ಹೊತ್ತಿನಲ್ಲಿ ನಾನು ಅನುಭವಿಸುತ್ತಿರುವುದು ಅಪ್ಪಟ ಸುಖವೆಂಬ ಗುಟ್ಟನ್ನು ಮಾತ್ರ ಹೊರಗೆಡಹುವುದಿಲ್ಲ. ಸಂಗೀತ ಕಚೇರಿಯಲ್ಲಿ, ಇಸ್ಪೀಟಿನಲ್ಲಿ, ಹೂದೋಟದಲ್ಲಿ ಸುಖವುಂಟೆಂದರೆ ತಲೆದೂಗುವ ಲೋಕವು, ವಿಂಡೋಸಿನ ಕೆಟ್ಟುಹೋದ ಸಿಸ್ಟಮ್ ಫೈಲುಗಳನ್ನು ಹುಡುಕಿ ಸರಿಪಡಿಸುವುದರಲ್ಲಿಯೂ ಸುಖವುಂಟೆಂದರೆ, ಹೇಳಿದವನ ಆರೋಗ್ಯವನ್ನು ವಿಚಾರಿಸತೊಡಗುತ್ತದೆ.

ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸಿಗೆ ಬೇಕಾದ ತಿದ್ದುಪಡಿಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ ಹೊರಡಿಸುವ ಪದ್ಧತಿಯನ್ನು 2003ರಲ್ಲಿ ಆರಂಭಿಸಿ ಇಂದಿನವರೆಗೂ ನಡೆಸಿಕೊಂಡು ಬಂದಿದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಗಿನ ಹತ್ತು ಗಂಟೆಯಾಗುವಾಗ ನಮ್ಮಲ್ಲಿ ಊಟ ಮುಗಿದು ಹಾಸಿಗೆ ಹಾಸುವ ಹೊತ್ತಾಗಿರುತ್ತದಾದ ಕಾರಣ, ಈ ತಿದ್ದುಪಡಿಗಳು ನಮ್ಮ ಯಂತ್ರಗಳನ್ನು ಮುಟ್ಟುವುದು ಬಹುಮಟ್ಟಿಗೆ ಬುಧವಾರದಂದು. ಆ ದಿನ ಎಲ್ಲರ ಕಂಪ್ಯೂಟರುಗಳೂ ಒಂದೆರಡು ಸಲ ಆರಿ ಹೊತ್ತಿ ಮತ್ತೆ ಕೆಲಸಕ್ಕೆ ಅಣಿಯಾದರೆ, ಯಾವುದೋ ಒಂದು ಮಾತ್ರ ಅರ್ಧ ದಾರಿ ನಡೆದು, ತಡೆದು ನಿಂತು, ಅದುವರೆಗೆ ಮಾಡಿದ ಬದಲಾವಣೆಗಳನ್ನೆಲ್ಲ ಹಿಂದೆಗೆದುಕೊಂಡು, 0ಎಕ್ಸ್80073712 ಎಂಬ ಸಂಖ್ಯೆಯೊಂದನ್ನು ಒಡೆಯನ ಮುಂದೆ ಎಸೆದು ಸುಮ್ಮನಾಗುತ್ತದೆ. ಅರಿಯದವರಿಗೆ ಒಗಟಾದ ಈ ಸಂಖ್ಯೆ ಬಲ್ಲವರಿಗೆ ಸ್ಪಷ್ಟವಾದೊಂದು ವಾಕ್ಯ: ವ್ಯವಸ್ಥೆಯ ಘಟಕಗಳನ್ನು ಇರಿಸಿರುವ ಭಂಡಾರವೇ ಕೆಟ್ಟಿದೆ, ಹಳೆಯದು ಸರಿಯಿಲ್ಲದೆ ಹೊಸದನ್ನು ಅದರ ಮೇಲೆ ಕಟ್ಟಲಾಗದು.

‘ಅಪ್‌ಡೇಟ್ ಆಗದಿದ್ದರೇನಂತೆ, ಕೆಲಸ ನಡೆಯುತ್ತಿದೆಯಲ್ಲ’ ಎನ್ನತಕ್ಕವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ನಾನು ಹೆಚ್ಚು ಉಪದೇಶ ಮಾಡಹೋಗದೆ 2017ನೆಯ ಇಸವಿಯನ್ನು ಮಾತ್ರ ನೆನಪಿಸುತ್ತೇನೆ. ಆ ವರ್ಷದ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಬ್ರಿಟನ್ನಿನ ಆಸ್ಪತ್ರೆಗಳು ಮೊದಲ್ಗೊಂಡು ಲೋಕದ ನಾನಾ ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ತಿದ್ದುಪಡಿಯಾದರೋ ಮಾರ್ಚ್ 14ರಂದೇ ಹೊರಬಂದು, ಹಾಕಿಕೊಳ್ಳುವವರಿಗಾಗಿ ಎರಡು ತಿಂಗಳು ಕಾದಿತ್ತು. ಅಪ್‌ಡೇಟ್ ನಿಂತುಹೋದ ಯಂತ್ರವು ಮೇಲ್ನೋಟಕ್ಕೆ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಬಾಗಿಲು ತೆರೆದುಕೊಂಡೇ ನಡೆಯುತ್ತಿರುತ್ತದೆ.

ಕೆಟ್ಟಿದೆಯೆಂದು ಆ ಸಂಖ್ಯೆ ಸಾರಿದ ಭಂಡಾರದ ರಚನೆಯನ್ನು ಅರಿತವನಿಗೆ ಅರ್ಧ ಆನಂದ ಅಲ್ಲಿಯೇ ದೊರೆಯುತ್ತದೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ಕರ್ಣಕಠೋರವಾದ ಹೆಸರನ್ನು ಹೊತ್ತ ಫೋಲ್ಡರೊಂದುಂಟು. ವ್ಯವಸ್ಥೆಗೆ ಸೇರಿದ ಸಹಸ್ರಾರು ಫೈಲುಗಳ ಅಧಿಕೃತ ಪ್ರತಿಗಳು ಇರತಕ್ಕದ್ದು ಅಲ್ಲಿ; ಸಿಸ್ಟಮ್32 ಎಂಬ ಸುಪ್ರಸಿದ್ಧ ಫೋಲ್ಡರಿನಲ್ಲಿ ನಮಗೆ ಕಾಣುವುವು ಬಹುಪಾಲು ಆ ಫೈಲುಗಳೇ ಆಗಿದ್ದು, ಹಾರ್ಡ್ ಲಿಂಕ್ ಎಂಬ ಏರ್ಪಾಟಿನಿಂದ ಎರಡು ಕಡೆ ಎರಡು ಹೆಸರು ಪಡೆದಿರುತ್ತವೆ. ಡಿಸ್ಕಿನ ಮೇಲೆ ವಸ್ತು ಒಂದೇ, ಹೆಸರು ಮಾತ್ರ ಎರಡು. ಇದನ್ನರಿಯದ ಮಿತವ್ಯಯಿಗಳು ಆ ಫೋಲ್ಡರಿನ ಗಾತ್ರವನ್ನು ನೋಡಿ ಬೆದರಿ, ಜಾಗ ಉಳಿಸುವ ಸದುದ್ದೇಶದಿಂದ ಅಲ್ಲಿಗೆ ಕೈಹಾಕುವುದುಂಟೆಂದು ತಿಳಿದೇ ಏನೋ, ವಿಸ್ಟಾ ಆವೃತ್ತಿಯಿಂದ ಈಚೆಗೆ ಈ ಫೈಲುಗಳ ಒಡೆತನವನ್ನು ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ಒಂದು ಸೇವೆಗೆ ವಹಿಸಲಾಗಿದೆ. ಯಂತ್ರದ ಅಡ್ಮಿನಿಸ್ಟ್ರೇಟರ್ ಎನಿಸಿಕೊಂಡವನಿಗೂ ಇವನ್ನು ನೇರವಾಗಿ ತಿದ್ದುವ ಅಧಿಕಾರವಿಲ್ಲ.

ಇಷ್ಟು ಭದ್ರವಾದ ಕಾವಲಿದ್ದೂ ಫೈಲುಗಳು ಕೆಡುವುದು ಹೇಗೆ? ಬರೆಯುತ್ತಿರುವಾಗಲೇ ಕರೆಂಟು ಹೋಗುವುದುಂಟು. ಡಿಸ್ಕಿನ ಯಾವುದೋ ಒಂದು ಸೆಕ್ಟರ್ ಸವೆದು ನಿರುಪಯುಕ್ತವಾಗುವುದುಂಟು. ದೋಷವುಳ್ಳ ರ್‍ಯಾಮ್ ತಪ್ಪಾದ ಬಿಟ್ಟನ್ನೇ ಸರಿಯೆಂದು ಒಪ್ಪಿಸುವುದುಂಟು. ಕಂಪ್ಯೂಟರಿನ ವೇಗವನ್ನು ಹೆಚ್ಚಿಸುತ್ತೇವೆಂದು ಬಂದ ಕ್ಲೀನರ್ ತಂತ್ರಾಂಶಗಳು ಕಸದೊಡನೆ ಬೇಕಾದುದನ್ನೂ ಗುಡಿಸಿಬಿಡುವುದುಂಟು. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಕಡತವ್ಯವಸ್ಥೆಯು ಕರೆಂಟು ಹೋದಾಗ ಯಾವ ಫೈಲು ಎಲ್ಲಿದೆಯೆಂಬ ತನ್ನ ಲೆಕ್ಕವನ್ನು ಕಾಪಾಡಿಕೊಳ್ಳುತ್ತದೆಯೇ ವಿನಾ, ಫೈಲಿನೊಳಗಣ ವಿಷಯಕ್ಕೆ ಜಾಮೀನು ನಿಲ್ಲುವುದಿಲ್ಲ. ಆದರೆ ಭಂಡಾರದ ಪ್ರತಿಯೊಂದು ಘಟಕಕ್ಕೂ ಮ್ಯಾನಿಫೆಸ್ಟ್ ಎಂಬ ಪಟ್ಟಿಯೊಂದಿದ್ದು, ಯಾವ ಯಾವ ಫೈಲು ಇರಬೇಕು, ಪ್ರತಿಯೊಂದರ ಹ್ಯಾಷ್ ಎಂಬ ಮುದ್ರೆ ಏನಿರಬೇಕು ಎಂಬುದು ಅದರಲ್ಲಿ ನಮೂದಾಗಿರುತ್ತದೆ. ಎಸ್‌ಎಚ್‌ಎ-256 ಎಂಬ ಗಣಿತಕ್ರಮವು ಎಷ್ಟೇ ದೊಡ್ಡ ಫೈಲನ್ನಾದರೂ ಓದಿ 256 ಬಿಟ್‌ಗಳ ಒಂದು ಮುದ್ರೆಯನ್ನು ಕೊಡುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ವ್ಯತ್ಯಾಸವಾದರೂ ಮುದ್ರೆಯಲ್ಲಿ ಸುಮಾರು ಅರ್ಧದಷ್ಟು ಬಿಟ್‌ಗಳು ತಲೆಕೆಳಗಾಗುತ್ತವೆ. ಅಲ್ಪ ದೋಷವೂ ಅಡಗಿ ಕೂರಲಾರದು.

ಈ ಕೆಲಸದಲ್ಲಿ ತೊಡಗಿದಾಗಲೆಲ್ಲ ನನಗೆ ನಮ್ಮ ಗ್ರಂಥಸಂಪಾದಕರ ಸ್ಮರಣೆಯುಂಟಾಗುತ್ತದೆ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ಗುರುತಿಸಿ, ಪರಿಶೋಧಿಸಿ, 1909ರಲ್ಲಿ ಅಚ್ಚು ಮಾಡಿಸಿದ ಆರ್. ಶಾಮಾಶಾಸ್ತ್ರಿಗಳಂತಹ ಮಹನೀಯರು ಮಾಡಿದ್ದೂ ಇದೇ ಜಾತಿಯ ಕೆಲಸ: ಲಿಪಿಕಾರನ ಕೈತಪ್ಪಿನಿಂದಲೋ ಹುಳುವಿನ ಬಾಯಿಯಿಂದಲೋ ಕೆಟ್ಟ ಪಾಠವನ್ನು ಪತ್ತೆಮಾಡಿ ಮೂಲಕ್ಕೆ ಮರಳಿಸುವುದು. ಆದರೆ ಅವರ ಕಷ್ಟವೆಲ್ಲಿ, ನನ್ನ ಸೌಕರ್ಯವೆಲ್ಲಿ! ಗ್ರಂಥಕರ್ತನ ಸ್ವಹಸ್ತಪ್ರತಿಯನ್ನು ಕಾಣುವ ಭಾಗ್ಯ ಆ ವಿದ್ವಾಂಸರಿಗೆ ಇರಲಿಲ್ಲವಾಗಿ, ಪ್ರತ್ಯಂತರಗಳನ್ನು ತೂಗಿ ನೋಡಿ, ಛಂದಸ್ಸು ವ್ಯಾಕರಣಗಳ ಸಾಕ್ಷ್ಯವನ್ನು ಕೇಳಿ, ಕೊನೆಗೆ ತಮ್ಮ ಪ್ರತಿಭೆಯಿಂದಲೇ ಶುದ್ಧಪಾಠವನ್ನು ಊಹಿಸಬೇಕಾಗುತ್ತಿತ್ತು. ನನಗಾದರೋ ಮೂಲಪ್ರತಿ ಕೈಗೆಟುಕುವಲ್ಲಿದೆ. ನಾನು ತಿದ್ದಿದ್ದು ಸರಿಯೋ ತಪ್ಪೋ ಎಂದು ಹೇಳುವ ಮುದ್ರೆಯೂ ಸಿದ್ಧವಾಗಿದೆ. ನನ್ನ ಊಹೆಗೆ, ನನ್ನ ಅಭಿರುಚಿಗೆ, ನನ್ನ ಅಭಿಪ್ರಾಯಕ್ಕೆ ಅಲ್ಲಿ ಎಳ್ಳಷ್ಟೂ ಎಡೆಯಿಲ್ಲ. ಅಭಿಪ್ರಾಯಗಳ ಭಾರದಿಂದ ಬಳಲಿದ ಮನಸ್ಸಿಗೆ ಇದಕ್ಕಿಂತ ದೊಡ್ಡ ವಿಶ್ರಾಂತಿ ಯಾವುದು?

ಈ ಕಸುಬಿನ ಸಲಕರಣೆಗಳು ಎರಡೇ. ಮೊದಲನೆಯದಾದ ಸಿಸ್ಟಮ್ ಫೈಲ್ ಚೆಕರ್ ಅಥವಾ ಎಸ್‌ಎಫ್‌ಸಿ ವಿಂಡೋಸ್ 98ರ ಕಾಲದಿಂದಲೂ ಇರುವ ಹಿರಿಯ. ಎರಡನೆಯದಾದ ಡಿಸ್ಮ್ 2009ರಲ್ಲಿ ವಿಂಡೋಸ್ 7ರೊಡನೆ ಬಂದು, 2012ರ ವಿಂಡೋಸ್ 8ರಲ್ಲಿ ರೀಸ್ಟೋರ್‌ಹೆಲ್ತ್ ಎಂಬ ಶಕ್ತಿಯನ್ನು ಪಡೆಯಿತು. ಎಸ್‌ಎಫ್‌ಸಿ ಬಳಕೆಯಲ್ಲಿರುವ ಫೈಲುಗಳನ್ನು ಪರೀಕ್ಷಿಸಿ, ಕೆಟ್ಟುದನ್ನು ಭಂಡಾರದ ಪ್ರತಿಯಿಂದ ಸರಿಪಡಿಸುತ್ತದೆ. ಭಂಡಾರದ ಪ್ರತಿಯೇ ಕೆಟ್ಟಿದ್ದರೆ, ಕೆಲವನ್ನು ಸರಿಪಡಿಸಲಾಗಲಿಲ್ಲವೆಂದು ಹೇಳಿ ಕೈಚೆಲ್ಲುತ್ತದೆ. ಒಂದೇ ವಸ್ತುವಿಗೆ ಎರಡು ಹೆಸರಿರುವಲ್ಲಿ ವಸ್ತುವೇ ಕೆಟ್ಟರೆ ಎರಡೂ ಹೆಸರುಗಳು ಕೆಟ್ಟಂತೆಯೇ ಸರಿ. ಆದುದರಿಂದ ಮೊದಲು ಡಿಸ್ಮ್‌ನಿಂದ ಭಂಡಾರವನ್ನು ಶುದ್ಧಗೊಳಿಸಿ, ತರುವಾಯ ಎಸ್‌ಎಫ್‌ಸಿಯನ್ನು ಓಡಿಸತಕ್ಕದ್ದು. ಡಿಸ್ಮ್ ತನಗೆ ಬೇಕಾದ ಶುದ್ಧ ಪ್ರತಿಯನ್ನು ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟಿನಿಂದಲೇ ತರಿಸಿಕೊಳ್ಳಲು ಹೊರಡುತ್ತದೆ. ಅಪ್‌ಡೇಟ್ ಕೆಟ್ಟಿತೆಂದು ತಾನೆ ನಾವು ಇದನ್ನು ಕರೆದದ್ದು! ಆಗ 0ಎಕ್ಸ್800ಎಫ್081ಎಫ್ ಎಂಬ ಸಂಖ್ಯೆಯಿಂದ ‘ಮೂಲ ಸಿಗಲಿಲ್ಲ’ ಎಂದು ದೂರು ಬರುತ್ತದೆ. ಅದಕ್ಕೆ ಪರಿಹಾರವೆಂದರೆ ಅದೇ ಆವೃತ್ತಿಯ, ಅದೇ ಭಾಷೆಯ ವಿಂಡೋಸಿನ ಐಎಸ್‌ಒ ಕಡತವನ್ನು ತಂದು ತೆರೆದು, ಅದರೊಳಗಿನ ಇನ್‌ಸ್ಟಾಲ್.ವಿಮ್ ಎಂಬ ಮಹಾಕಡತವನ್ನು ಮೂಲವೆಂದು ತೋರಿಸಿಕೊಡುವುದು.

ಆಜ್ಞೆಯನ್ನು ಬರೆದು ಎಂಟರ್ ಒತ್ತಿದ ಮೇಲೆ ಕಾಯುವ ಘಟ್ಟ. ಹತ್ತು, ಇಪ್ಪತ್ತು ಎಂದು ಉತ್ಸಾಹದಿಂದ ಏರಿದ ಅಂಕಿ 62.3ಕ್ಕೆ ಬಂದು ನಿಲ್ಲುವುದು ಈ ಕಸುಬಿನವರೆಲ್ಲ ಬಲ್ಲ ಸಂಗತಿ. ಕಾಫಿ ಕುಡಿದು ಬನ್ನಿ, 62.3, ಪೇಪರು ಓದಿ ಬನ್ನಿ, 62.3. ಅನುಭವವಿಲ್ಲದವರು ‘ಹ್ಯಾಂಗ್ ಆಗಿದೆ’ ಎಂದು ನಿಶ್ಚಯಿಸಿ ಕಿಟಕಿಯನ್ನು ಮುಚ್ಚಿಬಿಡುತ್ತಾರೆ. ಅನುಭವಿಗಳು ಡಿಸ್ಕಿನ ಕೆಂಪು ದೀಪವು ಮಿನುಗುತ್ತಿರುವುದನ್ನು ಓರೆಗಣ್ಣಿನಿಂದ ನೋಡಿ, ಒಳಗೆ ಕೆಲಸ ನಡೆದಿದೆಯೆಂದು ತಿಳಿದು ಸುಮ್ಮನಿರುತ್ತಾರೆ. ತಾಳ್ಮೆಯನ್ನು ಕುರಿತು ನಾನು ಕೇಳಿದ ಪ್ರವಚನಗಳೆಲ್ಲವೂ ಸೇರಿ ಕಲಿಸದುದನ್ನು ಈ ಒಂದು ಅಂಕಿ ನನಗೆ ಕಲಿಸಿದೆ.

ಲಗ್ನದ ಕಾಲದಲ್ಲಿ ಪರಿಚಯದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ನಡೆದ ಪ್ರಸಂಗವನ್ನು ಹೇಳಿದರೆ ನನ್ನ ಅಭಿಪ್ರಾಯ ಇನ್ನಷ್ಟು ಸ್ಫುಟವಾದೀತು. ಅಪ್‌ಡೇಟ್ ನಡೆಯುತ್ತಿದ್ದಾಗ ಕರೆಂಟು ಹೋಗಿ, ಯುಪಿಎಸ್‌ನ ಮುದಿ ಬ್ಯಾಟರಿಯೂ ಅದೇ ಗಳಿಗೆಯಲ್ಲಿ ಕೈಕೊಟ್ಟು, ಅಂದಿನಿಂದ ಆ ಯಂತ್ರ ಅಪ್‌ಡೇಟ್ ಎಂದರೆ ಮುಖ ತಿರುಗಿಸುತ್ತಿತ್ತು. ‘ಓನರ್ರೇ, ಫಾರ್ಮ್ಯಾಟ್ ಹೊಡ್ದುಬಿಡೋಣ, ಅರ್ಧ ದಿನದ ಕೆಲ್ಸ’ ಎಂದ ಕೆಲಸದ ಹುಡುಗ. ಅಂಗಡಿಯವರು ನನ್ನ ಕಡೆ ತಿರುಗಿ, ‘ಸಾರ್, ಆ ಮಾತೊಂದು ಬೇಡ. ಇದರಲ್ಲಿ ನುಡಿ ಸಾಫ್ಟ್‌ವೇರ್ ಇದೆ, ಪೇಜ್‌ಮೇಕರ್ ಇದೆ, ಹಳೇ ಫಾಂಟೆಲ್ಲಾ ಇವೆ. ಅಳಿಸಿದ್ರೆ ನಾನು ಇವನ್ನೆಲ್ಲಾ ಮತ್ತೆ ಎಲ್ಲಿಂದ ತರ್ಲಿ?’ ಎಂದರು. ಅವರ ಭೀತಿ ನಿರಾಧಾರವಾದುದಲ್ಲ. 2001ರ ಏಳನೆಯ ಆವೃತ್ತಿಗೆ ನಿಂತುಹೋದ ಪೇಜ್‌ಮೇಕರಿನಲ್ಲಿ, ಯೂನಿಕೋಡಿಗೆ ಮುಂಚಿನ ಕನ್ನಡ ಫಾಂಟುಗಳಲ್ಲಿ ಜೋಡಿಸಿದ ಲಗ್ನಪತ್ರಿಕೆಯನ್ನು ಆ ಫಾಂಟುಗಳಿಲ್ಲದ ಯಂತ್ರದಲ್ಲಿ ತೆರೆದರೆ, ವಧೂವರರ ಹೆಸರುಗಳೂ ಮುಹೂರ್ತವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಹತ್ತಾರು ವರ್ಷ ಒಂದೊಂದಾಗಿ ಕೂಡಿಸಿ ಹೊಂದಿಸಿಕೊಂಡ ಕಾರ್ಯಕ್ಷೇತ್ರವನ್ನು, ಎಲ್ಲೋ ಮೂರು ಫೈಲು ಕೆಟ್ಟವೆಂಬ ಕಾರಣಕ್ಕೆ ಸಮೂಲವಾಗಿ ಅಳಿಸುವುದು ನ್ಯಾಯವೇ?

ಮೂರು ಎಂದು ನಾನು ಸುಮ್ಮನೆ ಹೇಳಲಿಲ್ಲ. ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಐಎಸ್‌ಒದಿಂದ ಡಿಸ್ಮ್ ತನ್ನ ಕೆಲಸವನ್ನು ಮುಗಿಸಿದ ಮೇಲೆ, ನಾನು ವಿಂಡೋಸ್ ಫೋಲ್ಡರಿನ ಲಾಗ್ಸ್ ಎಂಬಲ್ಲಿ ಹೊಕ್ಕು, ಸಿಬಿಎಸ್.ಲಾಗ್ ಎಂಬ ದಿನಚರಿಯನ್ನು ತೆರೆದೆ. ಸಾವಿರಾರು ಸಾಲುಗಳ ಆ ನೀರಸ ಗದ್ಯವನ್ನು ಕೊನೆಯಿಂದ ಹಿಂದಕ್ಕೆ ಓದುವುದು ನನ್ನ ಪದ್ಧತಿ. ಆವರಣದೊಳಗೆ ‘ಪಿ’ ಎಂಬ ಗುರುತು ಹೊತ್ತ ಮೂರು ಸಾಲುಗಳಲ್ಲಿ ಕೆಟ್ಟ ಫೈಲುಗಳ ಹೆಸರುಗಳಿದ್ದುವು. ಅವುಗಳ ಕೆಳಗೆ ಸಾರಾಂಶ: ಪತ್ತೆಯಾದ ಒಟ್ಟು ದೋಷಗಳು 3, ಸರಿಪಡಿಸಿದ ಒಟ್ಟು ದೋಷಗಳು 3. ಈ ಎರಡು ಅಂಕಿಗಳು ಒಂದರ ಕೆಳಗೊಂದು ಸಮನಾಗಿ ನಿಂತುದನ್ನು ಕಾಣುವ ಕ್ಷಣವೇ ಈ ವಿನೋದದ ಫಲಪ್ರಾಪ್ತಿ. ಎಸ್‌ಎಫ್‌ಸಿ ಯಾವ ದೋಷವೂ ಕಾಣಲಿಲ್ಲವೆಂದು ಒಪ್ಪಿಗೆ ಕೊಟ್ಟಿತು, ಯಂತ್ರ ಆರಿ ಹೊತ್ತಿತು, ನಿಂತಿದ್ದ ಅಪ್‌ಡೇಟ್ ತಕರಾರಿಲ್ಲದೆ ನಡೆದುಹೋಯಿತು. ಅಂಗಡಿಯವರು ಮರೆಯದೆ ತೆರೆದು ನೋಡಿದ್ದು ಮಾತ್ರ ಅರ್ಧಕ್ಕೆ ಬಿಟ್ಟಿದ್ದ ಲಗ್ನಪತ್ರಿಕೆಯನ್ನು. ಅದು ಇದ್ದಂತೆಯೇ ಇತ್ತು. ನಾನು ಮಾಡಿದ ಕೆಲಸದ ಗುರುತು ಎಲ್ಲಿಯೂ ಕಾಣುತ್ತಿರಲಿಲ್ಲ. ಈ ಕಸುಬಿನಲ್ಲಿ ಯಶಸ್ಸೆಂದರೆ ಅದೇ.

ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸುವುದರಲ್ಲಿ ಒಂದು ಬಗೆಯ ಶೌರ್ಯವುಂಟು, ಅದನ್ನು ನಾನು ಅಲ್ಲಗಳೆಯೆನು. ಆದರೆ ಕೆಟ್ಟುದೆಷ್ಟೋ ಅಷ್ಟನ್ನೇ ಗುರುತಿಸಿ, ಸರಿಯಿರುವುದನ್ನು ಮುಟ್ಟದೆ, ಇದ್ದುದನ್ನು ಇದ್ದಂತೆ ಉಳಿಸಿಕೊಡುವ ವಿವೇಕ ಅದಕ್ಕಿಂತ ಮೇಲಾದುದೆಂಬುದು ನನ್ನ ನಿಶ್ಚಿತಾಭಿಪ್ರಾಯ. ಆದಕಾರಣ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಯಂತ್ರ ಅಪ್‌ಡೇಟಿಗೆ ಒಲ್ಲೆನೆಂದರೆ ಮೊದಲು ನಿಮ್ಮ ಸ್ವಂತ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡಿ. ಮುರುಕು ಡಿಸ್ಕಿನ ಮೇಲೆ ಮಾಡಿದ ದುರಸ್ತಿ ನಿಲ್ಲದಾದ್ದರಿಂದ ಚೆಕ್‌ಡಿಸ್ಕ್ ಓಡಿಸಿ ಅದರ ಯೋಗ್ಯತೆಯನ್ನು ತಿಳಿಯಿರಿ. ಕೆಲವೊಮ್ಮೆ ಭಂಡಾರ ಸರಿಯಿದ್ದು, ಇಳಿಸಿಕೊಂಡ ಅಪ್‌ಡೇಟೇ ಕೆಟ್ಟಿರುವುದುಂಟು. ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರು ಬದಲಿಸಿದರೆ ಅದು ಹೊಸದಾಗಿ ಇಳಿಯುತ್ತದೆ. ಬಳಿಕ ಡಿಸ್ಮ್, ಅದಾದ ಮೇಲೆ ಎಸ್‌ಎಫ್‌ಸಿ. ಅವೂ ಸೋತರೆ ಐಎಸ್‌ಒದೊಳಗಿನ ಸೆಟಪ್ ಅನ್ನು ಚಾಲ್ತಿಯಲ್ಲಿರುವ ವಿಂಡೋಸಿನ ಮೇಲೆಯೇ ಓಡಿಸಿ, ಫೈಲುಗಳನ್ನೂ ಪ್ರೋಗ್ರಾಮುಗಳನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನು ಒತ್ತಿರಿ. ಇಷ್ಟೂ ವಿಫಲವಾದರೆ ಮಾತ್ರ ಫಾರ್ಮ್ಯಾಟಿನ ಮಾತು. ಈ ಯಾವ ತಾಪತ್ರಯವೂ ಬೇಡವೆನ್ನುವವರು ಇವತ್ತೇ ಯುಪಿಎಸ್‌ನ ಬ್ಯಾಟರಿಯನ್ನು ಬದಲಾಯಿಸಿಕೊಳ್ಳುವುದು ಒಳ್ಳೆಯದು.