ಬೆರಳು ಮಾಡಿ ತೋರಿಸುವವರಿದ್ದರು

ನಮ್ಮೂರು ಮಸಗುಪ್ಪಿಯಿಂದ ಚಕ್ಕಡಿ ಹೂಡಿ ಜಾತ್ರೆಗೆ ಹೋಗುತ್ತಿದ್ದ ಕಾಲ. ಕುಲಗೋಡದ ಓಣಿ ಹಾಯುವಾಗ ಅಜ್ಜ ಬಾರಕೋಲು ಚಾಚುತ್ತಿದ್ದ. “ತಮ್ಮಾ, ಪಾರಿಜಾತದ ತಮ್ಮಣ್ಣ ಇದ್ದದ್ದು ಇಲ್ಲೇ ನೋಡು.” ಆ ಮನೆಯೋ, ಅದರ ಮಗ್ಗುಲದ್ದೋ, ಬರೇ ಜಾಗವೋ ಎಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ. ಅಜ್ಜ ರುಮಾಲಿಗೆ ಕೈ ಹಚ್ಚಿ ನಮಸ್ಕಾರ ಮಾಡಿದರೆ ನಾನೂ ಕೈಮುಗಿಯುತ್ತಿದ್ದೆ. ಕೌಜಲಗಿಗೆ ಹೋದರೆ ನಿಂಗಮ್ಮನ ಮಾತು. ಕೊರವಂಜಿ, ದೂತಿ, ಸತ್ಯಭಾಮೆಯರೆಲ್ಲ ಬೆಳತನಕ ಕುಣಿದು ಹಾಡುವ ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದವನು ಕುಲಗೋಡ ತಮ್ಮಣ್ಣ. ಆ ಆಟದಲ್ಲಿ ಹೆಸರು ಮಾಡಿದ ಹೆಣ್ಣುಮಗಳು ಕೌಜಲಗಿ ನಿಂಗಮ್ಮ. ಇವರ ಮನೆ ಗುರುತಿಸಲು ಆಗ ಬೋರ್ಡು ಬೇಕಿರಲಿಲ್ಲ, ಊರ ಹಿರಿಯರ ಬೆರಳೇ ಸಾಕಿತ್ತು.

ನಮ್ಮ ಸೀಮೆ ಸಣ್ಣದಲ್ಲ. ಬೆಟಗೇರಿಯಲ್ಲಿ 1900ರಲ್ಲಿ ಆನಂದಕಂದ ಬೆಟಗೇರಿ ಕೃಷ್ಣಶರ್ಮರು ಹುಟ್ಟಿದರು, ಮಲಾಮರಡಿಯಲ್ಲಿ 1919ರಲ್ಲಿ ಬಸವರಾಜ ಕಟ್ಟೀಮನಿಯವರು, ಹುಕ್ಕೇರಿ ಕಡೆಯ ಘೋಡಗೇರಿಯಲ್ಲಿ 1937ರಲ್ಲಿ ಚಂದ್ರಶೇಖರ ಕಂಬಾರರು. ಈ ಸಾಹಿತಿಗಳ ಹೆಸರುಗಳು ಪುಸ್ತಕದಲ್ಲಿ, ಪ್ರಶಸ್ತಿಯಲ್ಲಿ ಉಳಿಯುತ್ತವೆ, ಅದರ ಚಿಂತೆ ನನಗಿಲ್ಲ. ನನ್ನ ಚಿಂತೆ ಹೊಸ್ತಿಲಿನದು. ಆಟದವರು ಯಾವ ಪಡಸಾಲೆಯಲ್ಲಿ ಕೂತು ಹಾಡು ಕಟ್ಟಿದರು, ಯಾವ ಕಟ್ಟೆಯ ಮೇಲೆ ತಾಲೀಮು ನಡೆಯಿತು ಎಂಬುದು ಪುಸ್ತಕದಲ್ಲಿ ಸಿಗುವ ಸಂಗತಿಯಲ್ಲ.

ನಮ್ಮ ಕಡೆಯ ಹಳೆಯ ಮನೆಗಳೆಲ್ಲ ಮಣ್ಣಿನವು. ಮೇಲೆ ಜಂತಿ, ಅದರ ಮೇಲೆ ಮೇಲ್ಮುದ್ದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ ನಮ್ಮ ಮಸಗುಪ್ಪಿಯನ್ನೂ ಬಿಡಲಿಲ್ಲ. ಹೊಳೆಯ ನೀರು ಇದ್ದಾಗ ನಿಂತೇ ಇರುವ ಮಣ್ಣಿನ ಗೋಡೆ, ನೀರು ಇಳಿದು ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ಬದುಕಿತು ಎಂದುಕೊಂಡ ಮನೆ ನಾಲ್ಕು ದಿನದಲ್ಲಿ ಕಣ್ಣೆದುರೇ ಕೂತುಬಿಡುತ್ತದೆ. ಆ ಜಾಗದಲ್ಲಿ ಸಿಮೆಂಟಿನ ಮನೆ ಏಳಿಸಿದವರನ್ನು ದೂರಲಾರೆ, ಮಕ್ಕಳುಮರಿ ಕಟ್ಟಿಕೊಂಡು ಬದುಕಬೇಕಾದವರು ಅವರು. ಆದರೆ ಬೆರಳು ಮಾಡುವ ಹಿರಿಯರೂ ಒಬ್ಬೊಬ್ಬರಾಗಿ ಹೋದರು. ಅಜ್ಜ ಹೋದ ಮೇಲೆ ಒಮ್ಮೆ ಅದೇ ಓಣಿಯಲ್ಲಿ ನಿಂತೆ. ಆತ ಬಾರಕೋಲು ಚಾಚಿದ್ದು ಎಡಕ್ಕೋ ಬಲಕ್ಕೋ, ನೆನಪಾಗಲಿಲ್ಲ.

ಇಂಥ ಗುರುತು ಉಳಿಸಲು ಲಂಡನ್ನಿನಲ್ಲಿ ದೊಡ್ಡವರ ಮನೆಗೆ ಫಲಕ ಹಚ್ಚುವ ಯೋಜನೆ ಶುರುವಾದದ್ದು 1866ರಲ್ಲಿ. ಮರುವರ್ಷ ಕವಿ ಬೈರನ್ ಹುಟ್ಟಿದ ಮನೆಗೆ ಮೊದಲ ಫಲಕ ಬಿತ್ತು. 1889ರಲ್ಲಿ ಆ ಮನೆಯನ್ನೇ ಕೆಡವಿದರು. ಆದರೂ ಆ ಜಾಗ ಕಳೆಯಲಿಲ್ಲ, ಮುಂದೆ ಅಲ್ಲೇ ಮತ್ತೆ ಫಲಕ ಬಂತು. ಕುಪ್ಪಳಿಯಲ್ಲಿ ಕುವೆಂಪು ಮನೆ ಇದೆ, ಸಾಧನಕೇರಿಗೆ ಹೋದವರಿಗೆ ಬೇಂದ್ರೆಯವರ ಮನೆ ಸಿಗುತ್ತದೆ. ಹಳ್ಳಿಯ ಆಟದವರಿಗೂ ಅಷ್ಟು ಗೌರವ ಸಲ್ಲಬೇಕು. ಗುಡಿಗೆ ಕಾಣಿಕೆ ಕೊಟ್ಟವರ ಹೆಸರನ್ನು ಫರಸಿಯ ಮೇಲೆ ಕೊರೆಸುತ್ತೇವೆ, ಮದುವೆಯ ತಂಬಿಗೆಯ ಮೇಲೂ ಕೊರೆಸುತ್ತೇವೆ. ಒಂದು ಮೊಳದ ಕಲ್ಲಿನ ಮೇಲೆ ಹೆಸರು, ಊರು, ಮಾಡಿದ ಕೆಲಸ ಇಷ್ಟನ್ನು ಬರೆಸಿ ಗೋಡೆಗೆ ಕೂಡಿಸುವುದು ನಮ್ಮ ಪಂಚಾಯತಿಗಳಿಗೆ ಭಾರವಲ್ಲ.

ಆದರೆ ಕಲ್ಲು ಕೂಡಿಸಲು ಮೊದಲು ಜಾಗ ಗೊತ್ತಿರಬೇಕು. ನಿಮ್ಮ ಓಣಿಯಲ್ಲಿ ಎಂಬತ್ತು ದಾಟಿದ ಅಜ್ಜನೋ ಅಮ್ಮನೋ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅವರ ಕೈಹಿಡಿದು ನಾಲ್ಕು ಹೆಜ್ಜೆ ನಡೆಯಿರಿ. ಯಾವ ಮನೆ ಯಾರದಿತ್ತು ಎಂದು ಕೇಳಿ ಬರೆದುಕೊಳ್ಳಿರಿ.